ಹಬ್ಬದ ಮನೆಯೂ ಅಭ್ಯಾಗತರೂ

ಮನೆಯ ಬಾಗಿಲಿಗೆ ಬರುವವರಲ್ಲಿ ಎರಡು ಬಗೆಯುಂಟೆಂದು ಪೂರ್ವಿಕರು ಎಣಿಸಿದ್ದರು. ತಿಥಿಯ ನಿಯಮವಿಲ್ಲದೆ, ಮುಂದಾಗಿ ಹೇಳಿಕಳುಹಿಸದೆ, ದಾರಿಯ ಧೂಳಿನೊಡನೆ ಬಂದು ನಿಲ್ಲುವವನು ಅತಿಥಿ; ಬಳಕೆಯಿಂದಲೋ ಬಾಂಧವ್ಯದಿಂದಲೋ ಕರೆಯಿಸಿಕೊಂಡು ಬರುವವನು ಅಭ್ಯಾಗತ. ಒಂದು ರಾತ್ರಿ ಮಾತ್ರ ನಿಲ್ಲುವವನಾದುದರಿಂದ ಅತಿಥಿಯೆಂಬ ಹೆಸರು ಬಂದಿತೆಂದು ಮನುವು ತನ್ನ ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ನಿರ್ವಚನವನ್ನು ಹೇಳಿರುವನು. ಲೋಕವ್ಯವಹಾರದಲ್ಲಿ ಈ ಎರಡು ಶಬ್ದಗಳ ಭೇದವು ಬಹುಮಟ್ಟಿಗೆ ಅಳಿಸಿಹೋಗಿದೆ. ಆದರೂ ಹಬ್ಬಕ್ಕೆ ಬರುವ ನೆಂಟರನ್ನು ಕುರಿತು ವಿಚಾರಮಾಡುವಾಗ ಇದನ್ನು ನೆನೆಯುವುದು ಯುಕ್ತ. ಹಬ್ಬದ ನೆಂಟನಿಗೆ ತಿಥಿಯುಂಟು. ಗೌರಿಯ ತದಿಗೆ, ಮಹಾನವಮಿ, ನರಕಚತುರ್ದಶಿ, ಯುಗಾದಿ ಇವೆಲ್ಲವೂ ವರ್ಷದ ಮೊದಲಿನಲ್ಲಿಯೇ ಪಂಚಾಂಗದಲ್ಲಿ ಅಚ್ಚಾಗಿರುತ್ತವೆ. ಪಂಚಾಂಗವೇ ಅವನ ಆಹ್ವಾನಪತ್ರಿಕೆ. ಆದಕಾರಣ ಆ ದಿನ ಮನೆಯು ಸಿದ್ಧವಾಗಿಲ್ಲದಿದ್ದರೆ ಗೃಹಸ್ಥನಿಗೆ ಹೇಳಿಕೊಳ್ಳಲು ನೆಪವಿಲ್ಲ.

ಮನೆಯನ್ನು ಸಿದ್ಧಪಡಿಸುವ ಈ ಕಾರ್ಯವನ್ನು ವೇದವು ಅಲ್ಪವೆಂದು ಭಾವಿಸಲಿಲ್ಲ. ಅತಿಥಿಯನ್ನು ದೇವರಂತೆ ಕಾಣಬೇಕೆಂದು ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ವಿಧಿಸುವುದು ಎಲ್ಲರಿಗೂ ತಿಳಿದುದೇ ಆಗಿದೆ. ಅದರ ಭೃಗುವಲ್ಲಿಯಲ್ಲಿ ಅದಕ್ಕಿಂತಲೂ ವ್ಯಾವಹಾರಿಕವಾದ ಮಾತೊಂದುಂಟು. ತಂಗಲು ಬಂದವರಾರನ್ನೂ ಹಿಂದಿರುಗಿಸಬಾರದು, ಆದುದರಿಂದ ಯಾವ ವಿಧದಿಂದಾದರೂ ಬಹಳವಾಗಿ ಅನ್ನವನ್ನು ಕೂಡಿಸಿಟ್ಟಿರಬೇಕು ಎಂಬುದು ಅಲ್ಲಿಯ ವ್ರತ. ಸತ್ಕಾರವು ಬಾಗಿಲಲ್ಲಿ ಕೈಮುಗಿದಾಗ ಆರಂಭವಾಗುವುದಲ್ಲ, ಕಣಜದಲ್ಲಿ ಆರಂಭವಾಗುವುದೆಂದು ಇದರ ತಾತ್ಪರ್ಯ. ಚರಿತ್ರೆಯಾದರೋ ಈ ಕಣಜದ ಕಡೆಗೆ ಹೆಚ್ಚಾಗಿ ದೃಷ್ಟಿಯಿಟ್ಟಿಲ್ಲ. ಅರಸರು ಬಿಟ್ಟ ಅನ್ನಛತ್ರಗಳನ್ನೂ ಭೂದತ್ತಿಗಳನ್ನೂ ಶಾಸನಗಳು ಹೇಳುತ್ತವೆ. ನೆಲವನ್ನು ಸಾರಿಸಿದವರನ್ನೂ ಎಲೆಯನ್ನು ಹಚ್ಚಿದವರನ್ನೂ ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ಒಂದು ಜಿಲ್ಲೆಯಾಗಿ ಕೂಡಿದುವು. ಈ ಸೀಮೆಯಲ್ಲಿ ಹಬ್ಬದ ಮನೆಯು ಹೇಗೆ ಸಿದ್ಧವಾಗುತ್ತಿದ್ದಿತು, ಆ ಸಿದ್ಧತೆಯ ಭಾರವನ್ನು ಹೊತ್ತವರು ಯಾರು, ಅವರಿಗೆ ಸಂದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯು ಹಾದಿಯ ಸೀಮೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿಯು ಬಿಡದಿಯನ್ನು ದಾಟಿ, ರಾಮಗಿರಿಯ ಬಂಡೆಗಳ ಬಳಿಯಲ್ಲಿ ಹಾದು, ಚನ್ನಪಟ್ಟಣವನ್ನು ಮುಟ್ಟಿ ಮದ್ದೂರಿನ ಕಡೆಗೆ ಸಾಗುತ್ತಿದ್ದಿತು. ಕಾಡುಬೆಳೆದು ಭೀತಿಗೆ ಎಡೆಯಾಗಿದ್ದ ಈ ಹಾದಿಯಲ್ಲಿ ಪ್ರಯಾಣಿಕರಿಗೆ ಅಭಯವುಂಟಾಗಲೆಂದು ದಿವಾನ್ ಪೂರ್ಣಯ್ಯನವರು 1800ರಲ್ಲಿ ಒಂದು ಪೇಟೆಯನ್ನು ಕಟ್ಟಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಕರ್ನಲ್ ಬ್ಯಾರಿ ಕ್ಲೋಸ್ ಎಂಬವರ ಹೆಸರಿನಿಂದ ಅದು ಕ್ಲೋಸ್‌ಪೇಟೆಯೆನಿಸಿಕೊಂಡಿತು. ಮುಂದೆ ಅದಕ್ಕೆ ರಾಮನಗರವೆಂಬ ಹೆಸರು ನಿಂತಿತು. ಅರಸರ ರಾಜಧಾನಿಯಾಗಿ ಹುಟ್ಟಿದ ಊರುಗಳು ಬಹಳ, ತೀರ್ಥಕ್ಷೇತ್ರವಾಗಿ ಹುಟ್ಟಿದ ಊರುಗಳೂ ಬಹಳ. ದಾರಿಹೋಕನು ಧೈರ್ಯವಾಗಿ ನಡೆಯಲೆಂದು ಹುಟ್ಟಿದ ಊರುಗಳ ಪೈಕಿ ಈ ಪೇಟೆಯು ಒಂದು. ಅದೇ 1800ರಲ್ಲಿ ಈ ಹಾದಿಯಲ್ಲಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚನ್ನಪಟ್ಟಣದ ಗಾಜಿನ ಕೆಲಸವನ್ನೂ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನೂ, ಅಲ್ಲಿಯ ಬಿಳಿಯ ಸಕ್ಕರೆಯನ್ನೂ ಕುರಿತು ಬರೆದಿರುವನು. ಬಳೆ, ವೀಣೆಯ ತಂತಿ, ಸಕ್ಕರೆ! ಹಬ್ಬದ ಮನೆಗೆ ಬೇಕಾದ ಮಂಗಳವಸ್ತುಗಳಲ್ಲಿ ಮೂರು ಒಂದೇ ಊರಿನಲ್ಲಿ ಸಿದ್ಧವಾಗುತ್ತಿದ್ದುವೆಂಬುದನ್ನು ವಾಚಕರು ಗಮನಿಸತಕ್ಕುದು.

ಈ ಸಿದ್ಧತೆಗೆ ತೀರ ವಿರುದ್ಧವಾದ ಸಿದ್ಧತೆಯನ್ನೂ ಈ ಸೀಮೆಯು ಕಂಡಿದೆ. ಅರ್ಕಾವತಿಯ ದಡದಲ್ಲಿರುವ ಕನಕಪುರಕ್ಕೆ ಹಿಂದೆ ಕಾನಕಾನಹಳ್ಳಿಯೆಂದು ಹೆಸರು. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದ ಮೇಲೆ ದೊಡ್ಡ ಸೈನ್ಯದೊಡನೆ ಈ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೊರಟನು. ಆ ಸೈನ್ಯಕ್ಕೆ ಧಾನ್ಯವಾಗಲಿ ಮೇವಾಗಲಿ ದೊರೆಯಬಾರದೆಂದು ಟಿಪ್ಪುಸುಲ್ತಾನನು ಹಾದಿಯ ಗ್ರಾಮಗಳನ್ನು ಬರಿದುಮಾಡಿಸಿದನು, ಕಾನಕಾನಹಳ್ಳಿಯೂ ಹಾಳಾಯಿತು. ಕಣಜಗಳು ಬರಿದಾದುವು, ಜನರು ಊರುಬಿಟ್ಟು ಹೋದರು. ಎತ್ತುಗಳು ಮೇವಿಲ್ಲದೆ ಸತ್ತು, ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಹಿಂದಿರುಗಬೇಕಾಯಿತು. ಯುದ್ಧತಂತ್ರದ ದೃಷ್ಟಿಯಿಂದ ಇದು ಫಲಿಸಿತೆಂದು ಚರಿತ್ರಕಾರರು ಹೇಳುವರು. ಆದರೆ ಬರುವವರಿಗಾಗಿ ಮನೆಯನ್ನು ತುಂಬಿಸುವುದನ್ನೇ ಕಲಿತಿದ್ದ ಗೃಹಿಣಿಯು ಆ ವರ್ಷ ಬರುವವರಿಗಾಗಿ ಮನೆಯನ್ನು ಬರಿದುಮಾಡಬೇಕಾಯಿತು. ಒಲೆಯನ್ನು ಆರಿಸಿ ಹೊರಟವಳು ಮರಳಿ ಬಂದು ಅದನ್ನು ಹೊತ್ತಿಸುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಯಾವ ದಳಪತಿಯೂ ಬರೆದಿಡಲಿಲ್ಲ.

ಇನ್ನು ಶಾಂತಿಕಾಲದ ಮನೆಯನ್ನು ನೋಡಬಹುದು. ಮಾಗಡಿ, ಕನಕಪುರಗಳ ಮೇಲುಭೂಮಿಯಲ್ಲಿ ರಾಗಿಯೇ ಜೀವನಾಧಾರ. ಅದನ್ನು ಕೂಡಿಡುತ್ತಿದ್ದುದು ಹಗೇವಿನಲ್ಲಿ. ಗಟ್ಟಿಯಾಗಿಯೂ ಒಣಗಿಯೂ ಇರುವ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಇರುವಂತೆ ಗುಡಾಣದಾಕಾರದಲ್ಲಿ ತೋಡಿ, ಒಳಮೈಗೆ ಹುಲ್ಲನ್ನು ಕೊಟ್ಟು, ರಾಗಿಯನ್ನು ತುಂಬಿ, ಮೇಲೆ ಚಪ್ಪಡಿಯನ್ನು ಮುಚ್ಚಿ ಮಣ್ಣನ್ನು ಮೆತ್ತುತ್ತಿದ್ದರು. ಹೀಗೆ ಹುಗಿದಿಟ್ಟ ರಾಗಿಯು ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿದ್ದಿತು. ಹಬ್ಬವು ಹತ್ತಿರ ಬಂದಾಗ ಹಗೇವನ್ನು ತೆರೆಯುವುದು ಎಚ್ಚರದ ಕೆಲಸ. ಒಳಗೆ ಸೇರಿಕೊಂಡ ವಿಷವಾಯುವು ಇಳಿದವನ ಪ್ರಾಣವನ್ನೇ ತೆಗೆಯಬಲ್ಲದು. ಆದುದರಿಂದ ಬಾಯಿಯನ್ನು ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಯಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸತಕ್ಕುದು. ನೆಂಟನು ಜಗಲಿಯ ಮೇಲೆ ಕುಳಿತು ಉಣ್ಣುವ ತುತ್ತಿನ ಹಿಂದೆ ಈ ಕತ್ತಲೆಗೆ ಇಳಿದವನೊಬ್ಬನಿದ್ದನು. ರಾಗಿಯು ದಿನದ ಊಟವಾದರೆ ಅನ್ನವು ಹಬ್ಬದ ಊಟ. ಕೆರೆಯ ಕೆಳಗೆ ಗದ್ದೆಯುಳ್ಳವರು ಬತ್ತವನ್ನು ಕುಟ್ಟಿಸಿಡುತ್ತಿದ್ದರು. ಇಲ್ಲದವರು ರಾಗಿಯನ್ನು ಕೊಟ್ಟು ಅಕ್ಕಿಯನ್ನು ಕೊಳ್ಳುತ್ತಿದ್ದರು. ಮನೆಯವರು ಮುದ್ದೆಯನ್ನುಂಡು ನೆಂಟರಿಗೆ ಅನ್ನವನ್ನು ಬಡಿಸಿದ ಮನೆಗಳು ಈ ಸೀಮೆಯಲ್ಲಿ ಅಸಂಖ್ಯಾತ.

ಧಾನ್ಯದ ತರುವಾಯ ಗೋಡೆ ನೆಲಗಳ ಸರದಿ. ಅಟ್ಟದ ಧೂಳನ್ನೂ ಮೂಲೆಯ ಜೇಡರ ಬಲೆಯನ್ನೂ ತೆಗೆದು, ಗೋಡೆಗೆ ಸುಣ್ಣವನ್ನು ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆಯನ್ನೆಳೆದು, ನೆಲವನ್ನು ಸಗಣಿಯಿಂದ ಸಾರಿಸಿ ರಂಗವಲ್ಲಿಯನ್ನಿಕ್ಕುತ್ತಿದ್ದರು. ಪೆಟ್ಟಿಗೆಯಲ್ಲಿದ್ದ ಜಮಖಾನವನ್ನೂ ಕಂಬಳಿಗಳನ್ನೂ ಬಿಸಿಲಿಗೆ ಹಾಕುತ್ತಿದ್ದರು. ಹಪ್ಪಳ ಸಂಡಿಗೆಗಳು ಬೇಸಗೆಯಲ್ಲಿಯೇ ಒಣಗಿ ಡಬ್ಬಿಗಳನ್ನು ಸೇರಿರುತ್ತಿದ್ದುವು. ಉಣ್ಣುವ ಎಲೆಗಾಗಿ, ಬಾಳೆಯು ಸಾಲದ ಎಡೆಯಲ್ಲಿ, ಕಾಡಿನ ಮುತ್ತುಗದೆಲೆಯನ್ನು ತಂದು ಒಣಗಿಸಿ, ಸಂಜೆಯ ಹೊತ್ತು ಹೆಂಗಸರು ಕೂಡಿ ಕುಳಿತು ಕಡ್ಡಿಯಿಂದ ಹಚ್ಚುತ್ತಿದ್ದರು. ಎಲೆಯ ಕಟ್ಟುಗಳನ್ನು ನೋಡಿಯೇ ಆ ಮನೆಗೆ ಎಷ್ಟು ಜನರ ನಿರೀಕ್ಷೆಯುಂಟೆಂಬುದನ್ನು ಊಹಿಸಬಹುದಾಗಿದ್ದಿತು. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ದಿನಕ್ಕೆ ನೀರು ತುಂಬುವ ಹಬ್ಬವೆಂದೇ ಹೆಸರು. ಅಂದು ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ಬಾವಿಯಿಂದ ಸೇದಿದ ನೀರನ್ನು ತುಂಬಿ ಪೂಜಿಸುವರು. ಮರುದಿನದ ಎಣ್ಣೆಯ ಸ್ನಾನಕ್ಕೆ ಬಂದ ಅಳಿಯನಿಗೆ ನೀರು ಕಾದಿರುವುದು ಮಾತ್ರ ಕಾಣುತ್ತದೆ. ಬಾವಿಯ ಹಗ್ಗದಿಂದ ಬೊಬ್ಬೆಯೆದ್ದ ಅಂಗೈಗಳು ಕಾಣುವುದಿಲ್ಲ.

ಈ ಸೀಮೆಯ ಮನೆಗಳಿಗೆ ಬೇರೆ ಕಡೆಯಲ್ಲಿಲ್ಲದ ತೊಡಕೊಂದುಂಟು. ರಾಮನಗರವು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯೆಂಬುದು ಪ್ರಸಿದ್ಧವಷ್ಟೆ. ಹುಳುಸಾಕಣೆಗೆ ಪ್ರತ್ಯೇಕವಾದ ಕೊಟ್ಟಿಗೆಗಳು ಬರುವುದಕ್ಕೆ ಮೊದಲು ರೈತನು ತಾನು ವಾಸಮಾಡುವ ಮನೆಯಲ್ಲಿಯೇ ತಟ್ಟೆಗಳನ್ನು ಜೋಡಿಸಿ ಹುಳುಗಳನ್ನು ಸಾಕುತ್ತಿದ್ದನು. ಮೊಟ್ಟೆಯೊಡೆದಂದಿನಿಂದ ಗೂಡುಕಟ್ಟುವವರೆಗೆ ಸುಮಾರು ನಾಲ್ಕು ವಾರಗಳ ಕಾಲ ಮನೆಯ ಪಡಸಾಲೆಯು ಹುಳುಗಳದು. ಅವುಗಳಿಗೆ ಹೊಗೆಯಾಗದು, ತಂಬಾಕಿನ ಗಾಳಿಯಾಗದು, ಹೊರಗಿನವರ ಓಡಾಟದಿಂದ ರೋಗದ ಭಯ. ಕಡೆಯ ಜ್ವರವನ್ನು ಕಳೆದೆದ್ದ ಹುಳುವು ಹಗಲಿರುಳೂ ಸೊಪ್ಪನ್ನು ಬೇಡುತ್ತದೆ. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ದಿನ ಮನೆಯವರಾರಿಗೂ ನಿದ್ರೆಯಿಲ್ಲ. ಇಂಥ ವೇಳೆಗೆ ಹಬ್ಬವೂ ನೆಂಟರೂ ಕೂಡಿಬಂದರೆ ಗೃಹಿಣಿಯ ಅವಸ್ಥೆಯನ್ನು ಹೇಳತೀರದು. ಆದರೆ ಹಬ್ಬದ ಖರ್ಚಿಗೆ ಹಣವು ಬರಬೇಕಾದುದೂ ಆ ಗೂಡಿನಿಂದಲೇ. ಹುಳುವನ್ನು ಅಲಕ್ಷ್ಯಮಾಡಿ ನೆಂಟನನ್ನು ಆದರಿಸಿದರೆ ಮುಂದಿನ ಹಬ್ಬಕ್ಕೆ ಹಣವಿಲ್ಲ. ನೆಂಟನನ್ನು ಅಲಕ್ಷ್ಯಮಾಡಿ ಹುಳುವನ್ನು ಆದರಿಸಿದರೆ ಮುಂದಿನ ಹಬ್ಬಕ್ಕೆ ನೆಂಟನಿಲ್ಲ. ಈ ಎರಡನ್ನೂ ಏಕಕಾಲದಲ್ಲಿ ತೂಗಿಸಿಕೊಂಡು ಹೋಗುತ್ತಿದ್ದ ಜಾಣ್ಮೆಗೆ ವಿದ್ಯೆಯೆಂಬ ಹೆಸರನ್ನು ಯಾರೂ ಕೊಟ್ಟಿಲ್ಲ.

ಮನೆಯು ತನ್ನೊಳಗಿನ ಕೈಗಳಿಂದ ಮಾತ್ರ ಸಿದ್ಧವಾಗುತ್ತಿರಲಿಲ್ಲ. ಇದಕ್ಕೆ ಗೌರಿಯ ಬಾಗಿನವೇ ಸಾಕ್ಷಿ. ಭಾದ್ರಪದ ಶುದ್ಧ ತದಿಗೆಯಂದು ತವರಿನಿಂದ ಮಗಳಿಗೆ ಸಲ್ಲುವ ಈ ಬಾಗಿನದಲ್ಲಿ ಮೇದರವನು ಹೆಣೆದ ಜೊತೆ ಮೊರಗಳು, ಗಾಜಿನ ಬಳೆಗಳು, ಅರಿಸಿನ ಕುಂಕುಮಗಳು, ಕನ್ನಡಿ, ಬಾಚಣಿಗೆ, ನೇಯ್ಗೆಯವನ ರವಕೆಯ ಕಣ, ಹೊಲದ ಧಾನ್ಯ, ಆಲೆಮನೆಯ ಬೆಲ್ಲ ಇವೆಲ್ಲವೂ ಇರಬೇಕು. ಒಂದೊಂದು ವಸ್ತುವೂ ಒಂದೊಂದು ಕಸುಬಿನ ಕೇರಿಯಿಂದ ಬಂದುದು. ಮೊರವನ್ನು ಮುಚ್ಚಿ ಮಗಳ ಕೈಗೆ ಕೊಡುವಾಗ ಕೊಟ್ಟಂತಾಗುವುದು ಊರಿನ ಸಮಸ್ತ ವೃತ್ತಿಗಳನ್ನೂ. ಕುಂಬಾರನು ಹೊಸ ಮಡಕೆಯನ್ನು ತರದೆ, ಅಗಸನು ಮಡಿಬಟ್ಟೆಯನ್ನು ತರದೆ, ಮೇದರವನು ಮೊರವನ್ನು ತರದೆ ಒಬ್ಬ ಗೃಹಸ್ಥನ ಮನೆಯೂ ಹಬ್ಬಕ್ಕೆ ಸಿದ್ಧವಾಗಲಾರದು.

ನವರಾತ್ರಿಯ ಬೊಂಬೆಗಳ ವಿಷಯವೂ ಇಂಥದೇ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವನ್ನು ಆರಂಭಿಸಿದ ತರುವಾಯ ಮೈಸೂರು ಸೀಮೆಯಲ್ಲಿ ಈ ಹಬ್ಬಕ್ಕೆ ವಿಶೇಷವಾದ ಗೌರವವು ಬೆಳೆಯಿತು. ಮನೆಗಳಲ್ಲಿ ಹಲಗೆಗಳನ್ನೂ ಪೆಟ್ಟಿಗೆಗಳನ್ನೂ ಮೆಟ್ಟಿಲಾಗಿ ಜೋಡಿಸಿ, ಮಡಿವಸ್ತ್ರವನ್ನು ಹೊದಿಸಿ, ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಮೇಲಿನ ಸಾಲಿನಲ್ಲಿರಿಸಿ, ಕೆಳಗಿನ ಸಾಲುಗಳಲ್ಲಿ ಬಣ್ಣದ ಬೊಂಬೆಗಳನ್ನು ಕೂಡಿಸುವರು. ಸಂಜೆ ನೆರೆಯ ಮಕ್ಕಳು ಬಂದು ಹಾಡು ಹೇಳಿ ಬೊಂಬೆ ಬಾಗಿನವನ್ನು ಪಡೆದುಹೋಗುವರು. ಹೀಗೆ ಒಂಬತ್ತು ದಿನಗಳೂ ಮನೆಯು ಅಭ್ಯಾಗತರಿಗೆ ತೆರೆದಿರಬೇಕಾದ ಹಬ್ಬವಿದು. ಬಣ್ಣದ ಬೊಂಬೆಗಳಿಗೆ ಚನ್ನಪಟ್ಟಣವೇ ಹೆಸರಾದ ಎಡೆ. ನುಣುಪಾದ ಬಿಳಿಯ ಹಾಲೆಮರವನ್ನು ಚೆನ್ನಾಗಿ ಒಣಗಿಸಿ, ಚರಕಿಗೆ ಕೊಟ್ಟು ತಿರುಗಿಸುತ್ತ ಉಳಿಯಿಂದ ಆಕಾರವನ್ನು ತೆಗೆಯುವರು. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿದರೆ ಉಜ್ಜುವಿಕೆಯ ಕಾವಿನಿಂದಲೇ ಅರಗು ಕರಗಿ ಮರಕ್ಕೆ ಅಂಟುವುದು. ಕಡೆಗೆ ತಾಳೆಹೂವಿನ ಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು ಬರುವುದು. 1902ರಲ್ಲಿ ಅಲ್ಲಿ ಕೈಗಾರಿಕೆಯ ಶಾಲೆಯೊಂದು ಸ್ಥಾಪಿತವಾಯಿತು; 2005-06ನೆಯ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ಈ ಕಸುಬನ್ನು ಬೆಳೆಸಿದವರಲ್ಲಿ ಮುಸಲ್ಮಾನ ಕುಶಲಕರ್ಮಿಗಳು ಬಹು ಮಂದಿ. ಅವರ ಕೈಗಳು ಕಡೆದ ಬೊಂಬೆಯು ದೇವಿಯ ಸನ್ನಿಧಿಯಲ್ಲಿ ಕುಳಿತು ಆರತಿಯನ್ನು ಪಡೆಯಿತು. ಬೊಂಬೆಗೆ ದೊರೆತ ಈ ಆಸನವು ಅದನ್ನು ಕಡೆದವನಿಗೆ ಆ ಮನೆಗಳಲ್ಲಿ ಎಷ್ಟುಮಟ್ಟಿಗೆ ದೊರೆಯಿತೆಂಬ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ತನಗೆ ತಾನೇ ಕೇಳಿಕೊಳ್ಳತಕ್ಕುದಾಗಿದೆ. ಅದೇ ಚನ್ನಪಟ್ಟಣದಲ್ಲಿ ಒಲೆ, ಬೀಸುವ ಕಲ್ಲು, ಒರಳು, ಕೊಡ ಇವುಗಳ ಪುಟ್ಟ ಪ್ರತಿಮೆಗಳೂ ಹೆಣ್ಣುಮಕ್ಕಳ ಅಡಿಗೆಯಾಟಕ್ಕೆಂದು ಸಿದ್ಧವಾಗುತ್ತಿದ್ದುವು. ನೆಂಟರನ್ನು ಸತ್ಕರಿಸುವ ಭಾರವು ತನ್ನದೆಂಬುದನ್ನು ಬಾಲಿಕೆಯು ಆಟದಲ್ಲಿಯೇ ಅಭ್ಯಾಸಮಾಡುತ್ತಿದ್ದಳು.

ಮಾಗಡಿಯ ಹಬ್ಬವು ಮನೆಯ ಹೊಸ್ತಿಲನ್ನು ದಾಟಿ ಬೀದಿಗೆ ಬಂದ ಹಬ್ಬ. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶದವರಿಗೆ ಮಾಗಡಿಯೇ ರಾಜಧಾನಿಯಾಯಿತು. 1728ರಲ್ಲಿ ಮೈಸೂರಿನವರು ಸಾವನದುರ್ಗವನ್ನು ಹಿಡಿಯುವವರೆಗೆ ಅವರ ಆಳ್ವಿಕೆಯು ಅಲ್ಲಿ ನಡೆಯಿತು. ಅರಸುತನವು ಹೋದರೂ ಅಲ್ಲಿಯ ತಿರುಮಲೆಯ ರಂಗನಾಥಸ್ವಾಮಿಯ ಚೈತ್ರಮಾಸದ ತೇರು ನಿಲ್ಲಲಿಲ್ಲ. ಅದರೊಡನೆ ದನಗಳ ಜಾತ್ರೆಯೂ ಸೇರುವುದು. ಜಾತ್ರೆಯ ಕಾಲದಲ್ಲಿ ಅತಿಥಿ ಅಭ್ಯಾಗತರಿಬ್ಬರೂ ಒಂದೇ ದಿನ ಬರುವರು. ಹೇಳಿಕಳುಹಿಸಿದ ನೆಂಟರಿಗೆ ಮನೆಯು ಸುಣ್ಣ ಬಳಿದುಕೊಂಡು ನಿಂತಿರುತ್ತದೆ. ಹೇಳಿಕಳುಹಿಸದೆ ಬಂದ ಸಾವಿರಾರು ಜನರಿಗಾಗಿ ಬೀದಿಯಲ್ಲಿ ಅರವಟ್ಟಿಗೆಗಳು ನಿಂತಿರುತ್ತವೆ. ಅರವಟ್ಟಿಗೆಯೆಂಬ ಶಬ್ದವು ಹಳೆಯ ಶಾಸನಗಳಲ್ಲಿಯೂ ಕಾಣುವ ಶಬ್ದ. ಬೇಸಗೆಯ ಉರಿಬಿಸಿಲಿನಲ್ಲಿ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿಗಳನ್ನು ಜಾತಿ ಕುಲಗಳನ್ನು ಕೇಳದೆ ಕೊಡುವ ಅರವಟ್ಟಿಗೆಯು ಊರಿಗೆಲ್ಲ ಸೇರಿದ ಜಗಲಿಯೆಂದೇ ಹೇಳಬಹುದು. ಮನೆಯೊಳಗೆ ಎಣಿಸಿಟ್ಟ ಎಲೆಗಳು, ಬೀದಿಯಲ್ಲಿ ಎಣಿಕೆಯಿಲ್ಲದ ಲೋಟಗಳು. ಹೀಗೆ ಭೃಗುವಲ್ಲಿಯ ವ್ರತವನ್ನು ಒಬ್ಬೊಬ್ಬ ಗೃಹಸ್ಥನು ನಡೆಯಿಸಲಾರದೆ ಹೋದಾಗ ಊರು ಕೂಡಿ ನಡೆಯಿಸಿತು. ಮಾಗಡಿಯ ಸೀಮೆಗೆ ಅವರೆಯೂ ಕೀರ್ತಿಯನ್ನು ತಂದಿದೆ. ಮಾಗಿಯ ದಿನಗಳಲ್ಲಿ ಬಂದ ನೆಂಟನಿಗೆ ಹಿತಕಿದ ಬೇಳೆಯ ಸಾರನ್ನು ಬಡಿಸದ ಮನೆಯು ಅಲ್ಲಿ ಅಪೂರ್ವ. ಒಂದು ಪಾತ್ರೆ ಬೇಳೆಗಾಗಿ ಎಷ್ಟು ಕಾಳುಗಳನ್ನು ನೆನೆಯಿಟ್ಟು ಒಂದೊಂದಾಗಿ ಹಿಸುಕಬೇಕೆಂಬುದು ಉಣ್ಣುವವನಿಗಿಂತ ಹಿಸುಕಿದವರ ಬೆರಳಿಗೆ ಚೆನ್ನಾಗಿ ತಿಳಿದಿರುವುದು.

ಕರೆಯುವವರೂ ಬರುವವರೂ ಇಬ್ಬರೂ ಇಲ್ಲದ ವರ್ಷಗಳೂ ಕಳೆದುಹೋದುವು. 1876ರಿಂದ 1878ರವರೆಗೆ ಬಂದ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತತ್ತರಿಸಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಆ ವರ್ಷಗಳಲ್ಲಿ ಹಬ್ಬದ ತಿಥಿಗಳು ಪಂಚಾಂಗದಲ್ಲಿ ಬಂದುವೇ ಹೊರತು ಮನೆಗಳಲ್ಲಿ ಬರಲಿಲ್ಲ. ಕ್ಷಾಮಪೀಡಿತರ ಕೂಲಿಯಿಂದ ಮಣ್ಣಿನ ಕೆಲಸವು ಆರಂಭವಾದ ಬೆಂಗಳೂರು-ಮೈಸೂರು ರೈಲುಮಾರ್ಗವು 1881-82ರಲ್ಲಿ ಸಂಚಾರಕ್ಕೆ ತೆರೆಯಿತು. ಹೊಟ್ಟೆಗಿಲ್ಲದವರು ಹೊತ್ತ ಮಣ್ಣಿನ ಮೇಲೆ ಮುಂದಿನ ತಲೆಮಾರಿನ ಹಬ್ಬದ ನೆಂಟರು ಹಣ್ಣುಕಾಯಿಗಳ ಗಂಟಿನೊಡನೆ ಪ್ರಯಾಣಮಾಡಿದರು. ರಾಮನಗರ, ಚನ್ನಪಟ್ಟಣಗಳ ಗೃಹಿಣಿಯರಿಗೆ ನೆಂಟರು ಬರುವ ದಿನ ಮಾತ್ರವಲ್ಲದೆ ಗಳಿಗೆಯೂ ತಿಳಿಯಿತು. ಗಾಡಿಯ ಕೂಗನ್ನು ಕೇಳಿ ಅನ್ನಕ್ಕೆ ನೀರಿಡಬಹುದಾಯಿತು. ಆ ಹಾದಿಯು ಮುಟ್ಟದ ಮಾಗಡಿ, ಕನಕಪುರಗಳಲ್ಲಿ ಎತ್ತಿನ ಗಾಡಿಯ ಗಂಟೆಯ ಸದ್ದಿಗೆ ಕಿವಿಗೊಟ್ಟು ಕಾಯುವುದು ಇನ್ನೂ ಬಹುಕಾಲ ಉಳಿಯಿತು.

ಈಗ ಮುಖ್ಯವಾದ ವಿಚಾರಕ್ಕೆ ಬರಬಹುದು. ಹಬ್ಬದ ನೆಂಟರಲ್ಲಿ ಮೊದಲನೆಯವಳು ಮನೆಯ ಮಗಳು. ಹುಟ್ಟಿ ಬೆಳೆದ ಮನೆಗೆ ಆಕೆ ಅಭ್ಯಾಗತಳಾಗಿ ಬರುವಳು. ಆಕೆಗಾಗಿ ಕೋಣೆಯನ್ನು ಒಪ್ಪಮಾಡುವವಳು ಆ ಮನೆಯ ಸೊಸೆ. ಆ ಸೊಸೆಯೂ ಬೇರೊಂದು ಮನೆಯ ಮಗಳು. ತನ್ನ ತವರಿನಿಂದ ಅಣ್ಣನು ಕರೆಯಬರುವನೆಂದು ದಾರಿಯನ್ನು ನೋಡುತ್ತಿರುವಳು. ಆದರೆ ಗೌರಿಯ ತದಿಗೆಯು ಎರಡು ಮನೆಗೂ ಒಂದೇ ದಿನ. ನಾದಿನಿಯು ಬರುವ ದಿನವೇ ಸೊಸೆಯು ಹೊರಟುಹೋದರೆ ಇಲ್ಲಿ ಬಡಿಸುವವರಿಲ್ಲ. ಆಕೆಯು ನಿಂತುಬಿಟ್ಟರೆ ಅಲ್ಲಿ ಉಣ್ಣುವವರಿಲ್ಲ. ಬಹುವಾಗಿ ಆಕೆಯು ನಿಂತಳು. ಬಾಗಿನವು ಮಾತ್ರ ಅಣ್ಣನ ಕೈಯಲ್ಲಿ ಬಂದಿತು. ಒಬ್ಬಳಿಗೆ ತವರಿನ ಸಿದ್ಧತೆಯಾಗಬೇಕಾದರೆ ಇನ್ನೊಬ್ಬಳ ತವರಿನ ಪ್ರಯಾಣವು ನಿಲ್ಲಬೇಕಾಯಿತೆಂಬ ಈ ಲೆಕ್ಕವು ಯಾವ ಖಾತೆಯಲ್ಲಿಯೂ ಬರೆಯಲ್ಪಟ್ಟಿಲ್ಲ.

ಊಟದ ಕ್ರಮವನ್ನಾದರೂ ನೋಡತಕ್ಕುದು. ಮೊದಲ ಪಂಕ್ತಿಯಲ್ಲಿ ನೆಂಟರೊಡನೆ ಮನೆಯ ಯಜಮಾನನೂ ಕುಳಿತು ಉಣ್ಣುವನು, ಮಕ್ಕಳು ಉಣ್ಣುವರು, ಕಡೆಯಲ್ಲಿ, ಸಾರು ತಣಿದು ಪಾಯಸವು ತಳಮುಟ್ಟಿದ ಮೇಲೆ, ಬೆಳಗಿನ ಜಾವದಿಂದ ಒಲೆಯ ಮುಂದಿದ್ದವಳಿಗೆ ಎಲೆಯು ಬೀಳುವುದು. ಇದು ಶಾಸ್ತ್ರವೆಂದೇ ಅನೇಕರು ನಂಬಿದ್ದರು. ಆದರೆ ಶಾಸ್ತ್ರವು ಹೇಳುವುದು ಬೇರೆ. ಹೊಸದಾಗಿ ಮದುವೆಯಾದ ಹೆಂಗಸರಿಗೂ ಬಾಲಿಕೆಯರಿಗೂ ರೋಗಿಗಳಿಗೂ ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮುಂಚಿತವಾಗಿಯೇ, ವಿಚಾರಮಾಡದೆ, ಊಟವನ್ನಿಕ್ಕಬೇಕೆಂದು ಮನುವು ವಿಧಿಸಿರುವನು. ಅತಿಥಿಗಳೂ ಮನೆಯ ಆಳುಗಳೂ ಉಂಡ ತರುವಾಯ ಮಿಕ್ಕುದನ್ನು ದಂಪತಿಗಳು ಉಣ್ಣಬೇಕೆಂದೂ ಅಲ್ಲಿಯೇ ಹೇಳಿರುವನು. ದಂಪತಿಗಳೆಂದರೆ ಇಬ್ಬರು. ಮಿಕ್ಕುದನ್ನು ಉಣ್ಣುವ ಧರ್ಮವು ಪತ್ನಿಯೊಬ್ಬಳದೇ ಎಂದು ಆ ಸ್ಮೃತಿಯಲ್ಲಿಲ್ಲ. ಆಪಸ್ತಂಬನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವನು: ಆಹಾರವು ಸಾಲದಿದ್ದರೆ ತನಗೂ ಹೆಂಡತಿಗೂ ಮಗನಿಗೂ ಕಡಮೆಮಾಡಬಹುದು, ಕೆಲಸಮಾಡುವ ಆಳಿಗೆ ಮಾತ್ರ ಕಡಮೆಮಾಡಕೂಡದು ಎಂಬುದು ಆತನ ಧರ್ಮಸೂತ್ರದ ಅಭಿಪ್ರಾಯ. ಹಗೇವಿಗೆ ಇಳಿದವನು, ಮೊರವನ್ನು ಹೆಣೆದವನು, ಮಡಕೆಯನ್ನು ತಂದವನು ಇವರೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು, ಉಳಿದುದನ್ನು ಪಾತ್ರೆಗೆ ಹಾಕಿಸಿಕೊಂಡು ಹೋದ ಪದ್ಧತಿಯು ಸೂತ್ರಕಾರನ ಮಾತಿಗೆ ಸರಿಹೊಂದುವುದಿಲ್ಲ. ಆಚಾರವು ಶಾಸ್ತ್ರಕ್ಕಿಂತ ಕಠಿಣವಾದಾಗ ಅದನ್ನು ಶಾಸ್ತ್ರದ ಹೆಸರಿನಲ್ಲಿ ಕಾಪಾಡುವುದು ನ್ಯಾಯವಲ್ಲ.

ಇತ್ತೀಚೆಗೆ ಮನೆಯ ಸಿದ್ಧತೆಯ ರೂಪವು ಬಹಳವಾಗಿ ಬದಲಾಗಿದೆ. ಸಗಣಿಯ ನೆಲದ ಎಡೆಯಲ್ಲಿ ಸಿಮೆಂಟೂ ನುಣುಪು ಕಲ್ಲೂ ಬಂದಿವೆ. ಸುಣ್ಣದ ಬದಲು ಡಬ್ಬಿಯ ಬಣ್ಣ, ಮುತ್ತುಗದೆಲೆಯ ಬದಲು ಯಂತ್ರದಿಂದ ಒತ್ತಿದ ತಟ್ಟೆ, ಹಗೇವಿನ ಬದಲು ಅಂಗಡಿಯ ಚೀಲ. ಹುಳುಸಾಕಣೆಗೆ ಅನೇಕರು ಪ್ರತ್ಯೇಕವಾದ ಕಟ್ಟಡವನ್ನು ಕಟ್ಟಿಕೊಂಡಿರುವರು. ಇವುಗಳಿಂದ ಹೆಂಗಸರ ಶ್ರಮವು ಎಷ್ಟೋ ತಗ್ಗಿರುವುದು ನಿಜ. ಅದನ್ನು ಹಳಿಯುವುದು ಸರಿಯಲ್ಲ. ಹಬ್ಬದ ಶೋಭೆಗಾಗಿ ಮತ್ತೆ ಬಾವಿಯ ಹಗ್ಗವನ್ನು ಹಿಡಿಯಿರೆಂದು ಹೇಳುವವರು ತಾವು ಹಿಡಿದು ನೋಡತಕ್ಕುದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ರಾಮನಗರವನ್ನೂ ಚನ್ನಪಟ್ಟಣವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ದಾರಿಹೋಕನಿಗಾಗಿ ಹುಟ್ಟಿದ ಪೇಟೆಗೆ ಈಗ ದಾರಿಹೋಕನು ಕಾಲಿಡದೆಯೇ ಮುಂದೆ ಸಾಗಬಹುದಾಗಿದೆ. ಹಳೆಯ ರಸ್ತೆಯ ಬದಿಯಲ್ಲಿ ಬೊಂಬೆಗಳನ್ನು ತೂಗುಹಾಕಿದ ಅಂಗಡಿಗಳವರಿಗೆ ಇದರಿಂದಾದ ನಷ್ಟವು ಸಾಮಾನ್ಯವಲ್ಲ. ಅತಿಥಿಯು ಹೀಗೆ ಊರಿನಿಂದ ದೂರವಾದನು. ಉಳಿದವನು ಅಭ್ಯಾಗತ, ಆತನು ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವನು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಕೆಲಸವೇ ಅನೇಕ ಮನೆಗಳಲ್ಲಿ ನಿಂತಿದೆ.

ಸಾಮಗ್ರಿಗಳು ಬದಲಾದರೂ ಕ್ರಮವು ಬದಲಾಯಿತೇ ಎಂಬುದನ್ನು ಮಾತ್ರ ವಿಚಾರಿಸಬೇಕು. ಅನಿಲದ ಒಲೆಯ ಮುಂದೆ ನಿಂತವಳಿಗೂ ಕಡೆಯ ಪಂಕ್ತಿಯೇ ಉಳಿದಿದ್ದರೆ ಒಲೆಯು ಬದಲಾದುದರಿಂದ ಪ್ರಯೋಜನವೇನು? ಸುಣ್ಣವನ್ನು ಎಷ್ಟು ಬೆಳ್ಳಗೆ ಬಳಿದಿದ್ದರೂ, ತೋರಣವು ಎಷ್ಟು ಹಸುರಾಗಿದ್ದರೂ, ನೆಂಟರು ಎಷ್ಟು ಹೊಗಳಿ ಹೋದರೂ, ಆ ಮನೆಯು ಹಬ್ಬಕ್ಕೆ ಪೂರ್ಣವಾಗಿ ಸಿದ್ಧವಾಗಿದ್ದಿತೋ ಇಲ್ಲವೋ ಎಂಬುದು ಮೊದಲನೆಯ ಪಂಕ್ತಿಯಿಂದ ತಿಳಿಯುವುದಿಲ್ಲ. ಕಡೆಯ ಎಲೆಯನ್ನು ನೋಡಬೇಕು. ಅದರಲ್ಲಿ ಮೊದಲಿನ ಎಲೆಯಲ್ಲಿದ್ದುದೆಲ್ಲವೂ ಇದ್ದು, ಅದರ ಮುಂದೆ ಕುಳಿತವಳ ಪಕ್ಕದಲ್ಲಿ ಮನೆಯ ಯಜಮಾನನೂ ಕುಳಿತಿದ್ದರೆ, ಹೊರಗಿನ ಕೆಲಸದವನು ಆ ವೇಳೆಗೆ ಉಂಡು ಕೈತೊಳೆದಿದ್ದರೆ, ಆ ಮನೆಯಲ್ಲಿ ಸತ್ಕಾರವು ನಡೆಯಿತೆಂದು ತಿಳಿಯಬಹುದು. ಬರುವ ಗೌರಿಯ ಹಬ್ಬಕ್ಕೆ ಎಲೆಗಳನ್ನು ಎಣಿಸುವ ಗೃಹಸ್ಥರು ಕಡೆಯ ಎಲೆಯಿಂದ ಎಣಿಕೆಯನ್ನು ಆರಂಭಿಸತಕ್ಕುದು. ಸೊಸೆಯ ತವರಿನಿಂದ ಕರೆಯಲು ಬರುವ ಅಣ್ಣನಿಗೂ ಅದರಲ್ಲಿ ಒಂದು ಎಲೆಯನ್ನು ಸೇರಿಸತಕ್ಕುದು.